ಬಕ್ಷೀಸ್ ಪತ್ರಕ್ಕೆ ಸಹಿ ಹಾಕುವ ಮೊದಲು



ಜೂನ್ 15ನ್ನು ಹಿರಿಯರ ಮೇಲಿನ ದೌರ್ಜನ್ಯ ತಡೆಯುವ ಜಾಗೃತಿಯ ದಿನವೆಂದು ಜಗತ್ತಿನಾದ್ಯಂತ ಆಚರಿಸುತ್ತಾರೆ. ದೌರ್ಜನ್ಯವೆಂದರೆ ಹೊಡೆತ ಬಡಿತವಷ್ಟೇ ಅಲ್ಲ. ಒಡೆದ ಚಾಳೀಸು ತಿಂಗಳುಗಟ್ಟಲೆ ಹಾಗೇ ಇರುವುದು, ಬಿ.ಪಿ. ಗುಳಿಗೆ ತೀರಿದರೂ ಯಾರೂ ತರದಿರುವುದು, ಶ್ರಾವಣಬಾಳ ಯೋಜನೆಯ ಪಾಸ್‌ಬುಕ್ ಮಗನ ಕಿಸೆಯಲ್ಲಿರುವುದು, ಬಂದವರೊಡನೆ ಅಜ್ಜಿಯನ್ನು ಒಬ್ಬಳೇ ಮಾತಾಡಲು ಬಿಡದಿರುವುದು, ಇವೂ ಅದರ ಗುರುತುಗಳೇ. ಕೇಳಿದರೆ "ನನಗೇನೂ ಕಡಿಮೆಯಿಲ್ಲಪ್ಪ" ಎನ್ನುತ್ತಾರೆ. ಮನೆತನದ ಮರ್ಯಾದೆ ಹೋದೀತೆಂಬ ಅಂಜಿಕೆ. ಎಲ್ಲಕ್ಕೂ ಸೊಸೆಯನ್ನು ದೂರುವ ರೂಢಿಯೂ ಸರಿಯಲ್ಲ. ಆಸ್ತಿ ಬರೆಸಿಕೊಂಡವನು ಮಗನಲ್ಲವೇ?

ನಮ್ಮ ಅಕ್ಕಲಕೋಟ ಭಾಗದಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಶಾಲೆ ಕಲಿತ ಹಿರಿಯರಿಗೆ ಸಂತೆಯ ಮರಾಠಿ ಬರುತ್ತದೆ, ದಸ್ತಾವೇಜಿನ ಮರಾಠಿ ತಿಳಿಯುವುದಿಲ್ಲ. ಹೊಲ, ಮನೆ ಬಕ್ಷೀಸ್ ಪತ್ರ ಮಾಡಿಕೊಡುವಾಗ ಏನು ಬರೆದಿದೆ ಎಂದು ಕೇಳದೆ ಹೆಬ್ಬೆಟ್ಟು ಒತ್ತುತ್ತಾರೆ.

2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕು. 2022ರ ಡಿಸೆಂಬರಿನಲ್ಲಿ, ಷರತ್ತೇ ಇಲ್ಲದ ಪತ್ರವನ್ನು ರದ್ದುಪಡಿಸಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. 2025ರ ಜನವರಿಯ ಇನ್ನೊಂದು ಪ್ರಕರಣದಲ್ಲಿ ಮಗ ತಾಯಿಯನ್ನು ನೋಡಿಕೊಳ್ಳುವುದಾಗಿ ಬೇರೆ ವಚನಪತ್ರ ಬರೆದುಕೊಟ್ಟಿದ್ದ. ತಾಯಿಗೆ ಆಸ್ತಿ ಮರಳಿತು. ಜೀವಮಾನವೆಲ್ಲ ಕಾಗದ ಬರೆದವನಾಗಿ ಹೇಳುತ್ತೇನೆ: "ಬದುಕಿರುವವರೆಗೆ ಅನ್ನ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು, ತಪ್ಪಿದರೆ ಪತ್ರ ರದ್ದು" ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ನಂಬಿಕೆಯ ಬೇರೊಬ್ಬರಿಂದ ಪೂರ್ತಿ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ಮೃತ್ಯುಪತ್ರವೇ ಲೇಸು. ಬದುಕಿರುವತನಕ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ಪತ್ರವನ್ನೂ ಬದಲಿಸಬಹುದು.

ಈಗಾಗಲೇ ತೊಂದರೆಯಲ್ಲಿರುವ 60 ದಾಟಿದವರು ಪ್ರಾಂತಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ. ಮಾಸಿಕ ಪೋಷಣೆಯ ಅರ್ಜಿಯನ್ನು ಎದುರುಪಕ್ಷಕ್ಕೆ ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆಯಲ್ಲಿದೆ. ಹಾಸಿಗೆ ಹಿಡಿದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಬೇರೊಬ್ಬರೂ ಅರ್ಜಿ ಹಾಕಬಹುದು. ಹಿರಿಯರ ಉಚಿತ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಹೊಡೆತ ಬಡಿತವಾದರೆ ತಡಮಾಡದೆ 112ಕ್ಕೆ ಫೋನು ಮಾಡಿ.

ಅರ್ಜಿ ಬರೆಯಲು ಸಹಾಯ ಬೇಕಾದವರು ಸಂಘದ ಕಾರ್ಯಾಲಯಕ್ಕೆ ಬನ್ನಿ. ಆಧಾರ್ ಕಾರ್ಡು, ಸಾತ್‌ಬಾರಾ ಉತಾರೆ, ಮಾಡಿಕೊಟ್ಟ ಪತ್ರದ ನಕಲು ಜೊತೆಗಿರಲಿ. ನಡೆಯಲಾಗದವರಿದ್ದರೆ ನೆರೆಯವರು ತಿಳಿಸಿ. ನಾವೇ ಮನೆಗೆ ಬರುತ್ತೇವೆ.

– ಕಾರ್ಯದರ್ಶಿ