ಮನೆಯ ಕಾರು: ಇಟ್ಟುಕೊಳ್ಳುವುದೇ, ಮಾರುವುದೇ?

ಹೊಸ ಕಾರು ಮನೆಗೆ ಬಂದ ದಿನ ಅದರ ಚಕ್ರಗಳ ಕೆಳಗೆ ನಿಂಬೆಹಣ್ಣನ್ನಿಟ್ಟು, ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲು ದೇವಸ್ಥಾನಕ್ಕೆ ಹೋಗಿಬರುವುದು ಕನ್ನಡ ನಾಡಿನ ಸಂಸಾರಗಳಲ್ಲಿ ರೂಢಿಯಾಗಿಬಿಟ್ಟಿದೆ. ವರ್ಷವರ್ಷವೂ ಆಯುಧಪೂಜೆಯಂದು ಅದಕ್ಕೆ ಹೂವಿನ ಹಾರ ಬೀಳುತ್ತದೆ. ಕಂತಿನ ಸಾಲ ತೀರುವ ಹೊತ್ತಿಗೆ ಅದು ಯಂತ್ರವಾಗಿ ಉಳಿದಿರುವುದಿಲ್ಲ, ಮನೆಯವರಲ್ಲಿ ಒಬ್ಬನಾಗಿರುತ್ತದೆ. ಹೀಗಿರುವಾಗ ಒಂದು ದಿನ ತಯಾರಕರಿಂದ ತಿಳಿವಳಿಕೆಯ ಪತ್ರವೊಂದು ಬರುತ್ತದೆ: 'ತಮ್ಮ ವಾಹನದ ಒಂದು ಭಾಗದಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷವಿರುವ ಸಂಭವವಿದೆ, ದಯವಿಟ್ಟು ಹತ್ತಿರದ ಕಾರ್ಯಾಗಾರಕ್ಕೆ ತಂದು ತೋರಿಸುವುದು.'

ಆ ಸಂಜೆ ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟುವುದು ಸಹಜ. 'ಇಷ್ಟು ವರ್ಷ ಏನೂ ಆಗಲಿಲ್ಲ, ಈಗೇನಾದೀತು?' ಎಂದು ಹಿರಿಯರು. 'ಮಾತು ಹರಡುವ ಮೊದಲೇ ಮಾರಿಬಿಡೋಣ' ಎಂದು ಯಜಮಾನರು. 'ಅದೆಲ್ಲ ಇರಲಿ, ನಾಳೆ ಮಗುವನ್ನು ಶಾಲೆಗೆ ಇದರಲ್ಲಿ ಕಳುಹಿಸಬಹುದೇ?' ಎಂದು ಗೃಹಿಣಿ. ಈ ಮೂರರಲ್ಲಿ ಗೃಹಿಣಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆಯೆಂಬುದನ್ನು ಜಗತ್ತಿನ ಅತಿ ದೊಡ್ಡ ರೀಕಾಲ್‌ಗಳಲ್ಲೊಂದು ಕಲಿಸಿಕೊಟ್ಟಿದೆ.

ಕಾಪಾಡಬೇಕಾದುದೇ ಕೊಂದಾಗ

ಜಪಾನಿನ ಟಕಾಟ ಎಂಬ ಸಂಸ್ಥೆ ಅನೇಕ ಕಾರು ತಯಾರಕರಿಗೆ ಏರ್‌ಬ್ಯಾಗ್‌ಗಳನ್ನು ಒದಗಿಸುತ್ತಿದ್ದಿತು. ಅಪಘಾತವಾದೊಡನೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ ಉಬ್ಬಿ, ತಲೆ ಎದೆಗಳು ಸ್ಟಿಯರಿಂಗ್ ಚಕ್ರಕ್ಕೆ ಬಡಿಯದಂತೆ ತಡೆಯುವ ಚೀಲವಿದು. ಅದನ್ನು ಉಬ್ಬಿಸಲು ಲೋಹದ ಪುಟ್ಟ ಡಬ್ಬಿಯೊಂದರಲ್ಲಿ ರಾಸಾಯನಿಕದ ಬಿಲ್ಲೆಗಳಿರುತ್ತವೆ. ಅವು ಉರಿದು ಹುಟ್ಟುವ ಅನಿಲವೇ ಚೀಲವನ್ನು ತುಂಬುತ್ತದೆ. ಟಕಾಟ ಸಂಸ್ಥೆ ಇದಕ್ಕೆ ಅಮೋನಿಯಂ ನೈಟ್ರೇಟನ್ನು ಬಳಸಿತು. ಹೊಲಕ್ಕೆ ಗೊಬ್ಬರವಾಗಿಯೂ ಕಲ್ಲುಗಣಿಯಲ್ಲಿ ಸಿಡಿಮದ್ದಾಗಿಯೂ ಉಪಯೋಗವಾಗುವ ಈ ವಸ್ತು ಅಗ್ಗದ್ದು. ಆದರೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು.

ವರ್ಷಗಟ್ಟಲೆ ಹಗಲು ಬಿಸಿಲಿನಲ್ಲಿ ಕಾದು, ರಾತ್ರಿ ತಣ್ಣಗಾಗಿ, ಸೆಕೆಯ ತೇವವನ್ನು ಕುಡಿದ ಬಿಲ್ಲೆಗಳು ಒಳಗೊಳಗೇ ಶಿಥಿಲವಾಗುತ್ತವೆ. ಅಪಘಾತದ ಗಳಿಗೆಯಲ್ಲಿ ಅವು ಮಿತಿಮೀರಿದ ವೇಗದಿಂದ ಉರಿಯುತ್ತವೆ. ಒತ್ತಡವನ್ನು ತಾಳಲಾರದೆ ಡಬ್ಬಿಯೇ ಸಿಡಿದು, ಲೋಹದ ಚೂರುಗಳು ಎದುರಿಗಿದ್ದವರ ಕುತ್ತಿಗೆಗೂ ಮುಖಕ್ಕೂ ನುಗ್ಗುತ್ತವೆ. ಮೈಗೆ ಗಾಯವೇ ಆಗಬಾರದಿದ್ದ ಸಣ್ಣ ಡಿಕ್ಕಿಗಳಲ್ಲಿಯೂ ಜನ ಪ್ರಾಣ ಕಳೆದುಕೊಂಡರು. ಅಮೆರಿಕ ದೇಶವೊಂದರಲ್ಲಿಯೇ 2024ರ ವೇಳೆಗೆ ಹೀಗೆ ಮಡಿದವರ ಲೆಕ್ಕ 28ಕ್ಕೆ ಮುಟ್ಟಿತ್ತು. ಗಾಯಗೊಂಡವರು ಕನಿಷ್ಠ 400 ಮಂದಿ.

2008ರಲ್ಲಿ ಸುಮಾರು 4,000 ಕಾರುಗಳಿಂದ ಆರಂಭವಾದ ಈ ರೀಕಾಲ್, ಅಮೆರಿಕದಲ್ಲಿಯೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗ್‌ಗಳವರೆಗೆ ಬೆಳೆಯಿತು. ಪರೀಕ್ಷೆಯ ವರದಿಗಳನ್ನು ತಿದ್ದಿ ಕಾರು ತಯಾರಕರನ್ನು ವಂಚಿಸಿದ ಅಪರಾಧವನ್ನು ಟಕಾಟ ಒಪ್ಪಿಕೊಂಡು, 2017ರಲ್ಲಿ 100 ಕೋಟಿ ಡಾಲರುಗಳ ದಂಡ ಪರಿಹಾರಗಳಿಗೆ ತಲೆಬಾಗಿತು. ಅದೇ ವರ್ಷ ದಿವಾಳಿಯಾಯಿತು.

ಬಿಸಿಲು ಮತ್ತು ತೇವ ಎಂದೊಡನೆ ಮಂಗಳೂರು, ಉಡುಪಿ, ಕಾರವಾರಗಳ ನೆನಪಾಗದಿರದು. ಭಾರತದಲ್ಲಿಯೂ ಈ ಕರೆ ಬಂದಿತ್ತು. 2017ರ ಜನವರಿಯಲ್ಲಿ ಹೋಂಡಾ ಸಂಸ್ಥೆ ಇದೇ ಟಕಾಟ ಏರ್‌ಬ್ಯಾಗ್‌ಗಳ ಕಾರಣದಿಂದ 41,580 ಕಾರುಗಳನ್ನು ಹಿಂದಕ್ಕೆ ಕರೆಸಿತು. ಸಿಟಿ, ಜಾಝ್‌ನಂತಹ, ಮಧ್ಯಮವರ್ಗದ ಮನೆಗಳ ಮುಂದೆ ನಿಲ್ಲುವ ಕಾರುಗಳೇ ಅವುಗಳಲ್ಲಿದ್ದವು.

ಅಪಾಯಗಳೆಲ್ಲ ಒಂದೇ ತೂಕದವಲ್ಲ

ಹಾಗಾದರೆ ಪತ್ರ ಬಂದ ಕಾರನ್ನೆಲ್ಲ ಮನೆಯಿಂದಾಚೆಗೆ ಕಳುಹಿಸಬೇಕೆ? ಬೇಕಿಲ್ಲ. ರೀಕಾಲ್ ಎಂಬುದು ಕಾರಿಗೆ ವಿಧಿಸಿದ ಮರಣದಂಡನೆಯಲ್ಲ. ತಯಾರಕರು ತಮ್ಮ ತಪ್ಪನ್ನು ತಮ್ಮ ಖರ್ಚಿನಲ್ಲಿ ತಿದ್ದಿಕೊಡುವ ವ್ಯವಸ್ಥೆ. ತಿಳಿಯಬೇಕಾದುದು, ದುರಸ್ತಿಯಾಗುವವರೆಗೆ ಕಾರನ್ನು ಓಡಿಸಬಹುದೇ, ಬಾರದೇ ಎಂಬ ಒಂದೇ ಸಂಗತಿ.

ಟಕಾಟ ಪ್ರಕರಣದಲ್ಲಿಯೇ ಈ ವ್ಯತ್ಯಾಸ ಸ್ಪಷ್ಟವಾಗಿತ್ತು. ಬಹುಪಾಲು ಕಾರುಗಳಲ್ಲಿ ಡಬ್ಬಿ ಸಿಡಿಯುವ ಸಂಭವ ಅತ್ಯಲ್ಪವಾಗಿದ್ದಿತು. ಆದರೆ 2001ರಿಂದ 2003ರವರೆಗಿನ ಕೆಲವು ಹೋಂಡಾ ಕಾರುಗಳಲ್ಲಿದ್ದ ಡಬ್ಬಿಗಳನ್ನು ಪರೀಕ್ಷಿಸಿದಾಗ ಕೆಲವು ಪರೀಕ್ಷೆಗಳಲ್ಲಿ ನೂರಕ್ಕೆ ಐವತ್ತರಷ್ಟು ಸಿಡಿದುವು. ಅಂತಹ ಕಾರುಗಳನ್ನು ದುರಸ್ತಿಗೆ ಒಯ್ಯುವುದಕ್ಕಲ್ಲದೆ ಬೇರಾವುದಕ್ಕೂ ಓಡಿಸಬಾರದೆಂದು ಅಮೆರಿಕದ ಸರ್ಕಾರ 2016ರಲ್ಲಿ ಎಚ್ಚರಿಸಿತು. ಒಂದೇ ಹೆಸರಿನ ದೋಷ. ಒಂದರ ಯಜಮಾನನಿಗೆ ಸರದಿ ಕಾಯುವಷ್ಟು ವ್ಯವಧಾನವಿತ್ತು, ಇನ್ನೊಂದರವನಿಗೆ ಕೀಲಿಕೈಯನ್ನು ಗೋಡೆಯ ಮೊಳೆಗೆ ತೂಗುಹಾಕುವುದೇ ವಿವೇಕವಾಗಿತ್ತು. ಪತ್ರದಲ್ಲಿ 'ಓಡಿಸಬೇಡಿ' ಎಂದಿದ್ದರೆ ಚರ್ಚೆಗೆ ಎಡೆಯಿಲ್ಲ. 'ಬೇಗನೆ ತನ್ನಿ' ಎಂದಷ್ಟೇ ಇದ್ದರೆ, ಎಷ್ಟು ಬೇಗನೆ ಎಂಬುದನ್ನು ಕಾರ್ಯಾಗಾರದಲ್ಲಿ ಕೇಳಿ ತಿಳಿಯಬೇಕು.

ಬಿಡಿಭಾಗ ಸಿಗದೆ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದರೇನು ಮಾಡುವುದು? 2014ರಲ್ಲಿ ಅಮೆರಿಕದಲ್ಲಿ ಹೀಗೆಯೇ ಆಯಿತು. ಆಗ ಟೊಯೋಟಾ ಸಂಸ್ಥೆ ಕೆಲವು ಕಾರುಗಳಲ್ಲಿ ಮುಂದಿನ ಪ್ರಯಾಣಿಕರ ಏರ್‌ಬ್ಯಾಗನ್ನು ನಿಷ್ಕ್ರಿಯಗೊಳಿಸಿ, ಆ ಆಸನದಲ್ಲಿ ಯಾರೂ ಕೂರಬಾರದೆಂದು ಚೀಟಿ ಅಂಟಿಸಿಕೊಟ್ಟಿತು. ಆಸನ ಖಾಲಿಯಿದ್ದರೆ ಗಾಯಗೊಳ್ಳುವವರಿಲ್ಲ ಎಂಬುದು ಅದರ ತರ್ಕ. ಆದರೆ ತಾಯಿಯಾದವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು ಇಲ್ಲಿ ಬಹುಪಾಲು ಆ ಆಸನದಲ್ಲಿಯೇ. ಏರ್‌ಬ್ಯಾಗ್ ಸುಸ್ಥಿತಿಯಲ್ಲಿದ್ದಾಗಲೂ ಅದು ಮಗುವಿನ ಸ್ಥಳವಲ್ಲ. ಚೀಲ ಉಬ್ಬುವ ರಭಸವೇ ಎಳೆಯ ಕುತ್ತಿಗೆಗೆ ಆಘಾತ. ಮಗುವಿಗೆ ಹಿಂದಿನ ಆಸನವೇ ಸರಿ, ಅದೂ ಅದರ ವಯಸ್ಸಿಗೆ ಹೊಂದುವ ಪುಟ್ಟ ಆಸನದಲ್ಲಿ.

ಭಯದಿಂದ ಗುರುತಿನ ಮೆಕ್ಯಾನಿಕ್ಕನನ್ನು ಕರೆಸಿ ಏರ್‌ಬ್ಯಾಗನ್ನೇ ಕಿತ್ತುಹಾಕಿಸುವುದು ಇನ್ನೊಂದು ತಪ್ಪು. ಮುಂಭಾಗದ ಏರ್‌ಬ್ಯಾಗ್‌ಗಳು ಅಮೆರಿಕದಲ್ಲಿ ಮೂರು ದಶಕಗಳಲ್ಲಿ 50,000ಕ್ಕೂ ಹೆಚ್ಚು ಜೀವಗಳನ್ನುಳಿಸಿವೆ ಎಂಬುದು ಅಲ್ಲಿನ ಸರ್ಕಾರದ ಅಂದಾಜು. ಕೆಟ್ಟದ್ದನ್ನು ಬದಲಿಸಬೇಕೇ ಹೊರತು ರಕ್ಷಣೆಯನ್ನೇ ತೊರೆಯಬಾರದು.

ಮಾರಿದರೆ ದೋಷ ಹೋಗುವುದೇ?

ಈಗ ಯಜಮಾನರ ಸಲಹೆಗೆ ಬರೋಣ. ದುರಸ್ತಿ ಮಾಡಿಸದೆ ಮಾರಿದರೆ ಮನೆಯ ಅಪಾಯ ಮನೆಯಿಂದಾಚೆಗೆ ಹೋಯಿತೆಂದು ತೋರಬಹುದು. ವಾಸ್ತವವಾಗಿ ಅದು ಇನ್ನೊಂದು ಮನೆಯ ಬಾಗಿಲಿಗೆ ಹೋಗಿರುತ್ತದೆ, ಮೊದಲಿಗಿಂತ ಕೆಟ್ಟ ರೂಪದಲ್ಲಿ. ಮೊದಲ ಯಜಮಾನನಿಗೆ ಪತ್ರ ಬಂದಿತ್ತು. ಎರಡನೆಯವನಿಗೆ ಬರುವುದೆಂಬ ನೆಚ್ಚಿಕೆಯಿಲ್ಲ. ಕಾರು ಕೈ ಬದಲಾದಷ್ಟೂ ತಯಾರಕರ ದಾಖಲೆಯಲ್ಲಿನ ವಿಳಾಸ ಹಳೆಯದಾಗುತ್ತದೆ. ಟಕಾಟದ ಅತ್ಯಂತ ಅಪಾಯಕರ ಡಬ್ಬಿಗಳು ಉಳಿದುಕೊಂಡದ್ದು ಹೀಗೆ ಕೈಯಿಂದ ಕೈಗೆ ದಾಟಿದ ಹಳೆಯ ಕಾರುಗಳಲ್ಲಿ; ಅಗ್ಗದ ಕಾರೆಂದು ಕೊಂಡವರೇ ಹೆಚ್ಚಿನ ಅಪಾಯವನ್ನೂ ಕೊಂಡಿದ್ದರು.

ಹಳೆಯ ಕಾರು ಕೊಳ್ಳುವ ಸಂಸಾರವೆಂದರೆ ಯಾವುದು? ಮೊದಲ ಕಾರಿನ ಆಸೆಯಿಂದ ಹಣ ಕೂಡಿಸಿಟ್ಟ ಗುಮಾಸ್ತರದು, ಉಪಾಧ್ಯಾಯರದು. ಅವರ ಮನೆಯಲ್ಲಿಯೂ ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ಮಾರುವುದು ತಪ್ಪಲ್ಲ, ದುರಸ್ತಿ ಮಾಡಿಸಿ, ಅದರ ರಸೀದಿಯನ್ನು ಆರ್.ಸಿ.ಯೊಡನೆ ಇರಿಸಿ ಮಾರುವುದು ಮರ್ಯಾದೆ. ಕೊಳ್ಳುವವರೂ ಷಾಸಿ ನಂಬರನ್ನು ತಯಾರಕರಲ್ಲಿ ವಿಚಾರಿಸಿ, ಬಾಕಿಯುಳಿದ ರೀಕಾಲ್ ಏನಾದರೂ ಇದೆಯೇ ಎಂದು ಮೊದಲು ತಿಳಿಯಬೇಕು. ಕೊಂಡ ಮೇಲೆ ತಮ್ಮ ವಿಳಾಸವನ್ನು ಅವರಿಗೆ ತಿಳಿಸಬೇಕು.

ಭಾರತದಲ್ಲಿ 2012ರಿಂದ ರೀಕಾಲ್ ತಯಾರಕರ ಸ್ವಯಂಸಂಹಿತೆಯಾಗಿ ನಡೆದುಬಂದು, 2019ರ ಮೋಟಾರು ವಾಹನಗಳ ತಿದ್ದುಪಡಿ ಕಾಯಿದೆಯಿಂದ ಸರ್ಕಾರವೇ ಆಜ್ಞಾಪಿಸಬಲ್ಲ ಕ್ರಮವಾಯಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ 10 ಲಕ್ಷದಿಂದ 1 ಕೋಟಿ ರೂಪಾಯಿಗಳವರೆಗಿನ ದಂಡದ ವಿಧಿಯಿದೆ. ಆದರೆ ಆ ನಿಯಮಗಳು ಏಳು ವರ್ಷ ಮೀರದ ವಾಹನಗಳನ್ನು ಉದ್ದೇಶಿಸಿದವು. ಟಕಾಟದಂತಹ ದೋಷವಾದರೋ ವಯಸ್ಸಾದಂತೆ ಬಲಿಯುವಂತಹದು. ಆದುದರಿಂದ ಹಳೆಯ ಕಾರಿನ ಕಾವಲು ಮುಖ್ಯವಾಗಿ ಮನೆಯವರದೇ.

ಉಳಿಸಿಕೊಳ್ಳುವ ಬಗೆ

ದುರಸ್ತಿಯಾದ ಕಾರನ್ನು ನಂಬಬಹುದೇ? ಸಾಮಾನ್ಯವಾಗಿ ನಂಬಬಹುದು, ಕಣ್ಣು ಮುಚ್ಚಿಕೊಂಡಲ್ಲ. ಟಕಾಟ ಪ್ರಕರಣದಲ್ಲಿ ಮೊದಲು ಬದಲಿಸಿದ ಕೆಲವು ಡಬ್ಬಿಗಳಲ್ಲಿ ಅದೇ ರಾಸಾಯನಿಕವಿದ್ದು, ಅವನ್ನು ಮತ್ತೊಮ್ಮೆ ಬದಲಿಸಬೇಕಾಯಿತು. ಹಾಕಿದ ಭಾಗ ಶಾಶ್ವತವಾದುದೇ ಅಥವಾ ತಾತ್ಕಾಲಿಕವೇ ಎಂದು ಕೇಳಿ ಬರೆಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಷಾಸಿ ನಂಬರನ್ನು ಮರಳಿ ವಿಚಾರಿಸಬೇಕು. ದುರಸ್ತಿಗೆ ದಾರಿಯೇ ಇಲ್ಲದ, ಓಡಿಸಬಾರದೆಂದು ತಯಾರಕರೇ ಹೇಳಿದ ಕಾರಾದರೆ, ಅದರ ಮೇಲಿನ ಮಮತೆಯನ್ನು ತೊರೆಯುವುದೇ ಲೇಸು.

ಆಯುಧಪೂಜೆಯಂದು ಕಾರನ್ನು ತೊಳೆದು ಹಾರ ಹಾಕುವ ಮುನ್ನ ಈ ಒಂದು ವಿಚಾರಣೆಯನ್ನು ಮುಗಿಸಿಬಿಡುವ ರೂಢಿ ಒಳ್ಳೆಯದು. ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ, ಖರ್ಚೇನೂ ಇಲ್ಲ. ಮರುದಿನ ಬೆಳಗ್ಗೆ ಮಗು ಶಾಲೆಗೆ ಹೊರಟಾಗ ಗೃಹಿಣಿಯ ಪ್ರಶ್ನೆಗೆ ಯಜಮಾನರ ಬಳಿ ಉತ್ತರ ಸಿದ್ಧವಾಗಿರುತ್ತದೆ.