ನಿಲ್ಲದ ತೆರೆಯನ್ನು ನಿಲ್ಲಿಸಿದ ಕುಂಚ

ಬೆಟ್ಟವು ಚಿತ್ರಕಾರನಿಗಾಗಿ ಕಾದು ನಿಲ್ಲುತ್ತದೆ, ಮರವೂ ನಿಲ್ಲುತ್ತದೆ. ಸಮುದ್ರದ ತೆರೆ ಮಾತ್ರ ಯಾರಿಗಾಗಿಯೂ ನಿಲ್ಲದು. ಕುಂಚವನ್ನು ಬಣ್ಣದಲ್ಲಿ ಅದ್ದಿ ತಲೆಯೆತ್ತುವಷ್ಟರಲ್ಲಿ ಕಂಡ ತೆರೆ ಒಡೆದುಹೋಗಿ ಮತ್ತೊಂದು ಬಂದಿರುತ್ತದೆ. ಇಂತಹ ಚಂಚಲ ವಸ್ತುವನ್ನು, ಒಣಗಲು ದಿನಗಟ್ಟಲೆ ಕಾಲ ಬೇಡುವ ತೈಲವರ್ಣದಲ್ಲಿ ಮೂಡಿಸುವುದೆಂತು? ಈ ಪ್ರಶ್ನೆಗೆ ತನ್ನ ಆಯುಷ್ಯವನ್ನೇ ಉತ್ತರವಾಗಿ ಕೊಟ್ಟ ಕಲಾವಿದನೊಬ್ಬನ ವಿಚಾರವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಇವಾನ್ ಐವಜೋವ್ಸ್ಕಿಯು 1817ರಲ್ಲಿ ಕಪ್ಪುಸಮುದ್ರದ ತೀರದ ಕ್ರಿಮಿಯಾದಲ್ಲಿ, ಫಿಯೊಡೋಸಿಯಾ ಎಂಬ ಊರಿನ ಅರ್ಮೇನಿಯನ್ ಮನೆತನವೊಂದರಲ್ಲಿ ಜನಿಸಿದನು. ತಂದೆ ವ್ಯಾಪಾರದಲ್ಲಿ ನಷ್ಟ ಹೊಂದಿದವನು, ಮನೆಯಲ್ಲಿ ಬಡತನ. ಊರ ಹಿರಿಯರು ಬಾಲಕನ ಪ್ರತಿಭೆಯನ್ನು ಗುರುತಿಸಿ ನೆರವಾದುದರಿಂದ ಆತನಿಗೆ ಸೇಂಟ್ ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿಯ ಪ್ರವೇಶ ದೊರೆಯಿತು. 1836ರಲ್ಲಿ ನೌಕಾಪಡೆಯೊಡನೆ ಬಾಲ್ಟಿಕ್ ಸಮುದ್ರದಲ್ಲಿ ಸಂಚರಿಸಿ ಹಡಗು, ಗಾಳಿ, ನೀರುಗಳ ನಡೆಯನ್ನು ಹತ್ತಿರದಿಂದ ಅಭ್ಯಸಿಸಿದನು. ಆತನ ಕೃತಿಗಳ ಸಂಖ್ಯೆ ಸುಮಾರು 6,000 ಎಂದು ಹೇಳುವುದುಂಟು. ಅವುಗಳಲ್ಲಿ ಹೆಚ್ಚಿನವು ಸಮುದ್ರದ ಚಿತ್ರಗಳೇ.

ತೆರೆಯನ್ನು ಬರೆಯಬೇಕಾದರೆ ಮೊದಲು ತೆರೆಯನ್ನು ಅರಿಯಬೇಕು. ನಡುಗಡಲಿನಲ್ಲಿ ಮುಂದೆ ಸಾಗುವುದು ತೆರೆಯ ಆಕಾರವೇ ಹೊರತು ನೀರಲ್ಲ. ನೀರು ಇದ್ದೆಡೆಯಲ್ಲಿಯೇ ಸುತ್ತಿ ಏರಿ ಇಳಿಯುತ್ತದೆ. ದಡದ ಬಳಿ ಆಳ ಕಡಿಮೆಯಾದಂತೆ ತೆರೆಯ ವೇಗ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ, ಕಡೆಗೆ ತುದಿಯು ಮುಂದಕ್ಕೆ ಬಾಗಿ ಕುಸಿಯುತ್ತದೆ. ಬುಡದಲ್ಲಿ ನೀರು ದಟ್ಟವಾಗಿರುವುದರಿಂದ ಅಲ್ಲಿ ಕಪ್ಪು. ತುದಿಯಲ್ಲಿ ತೆಳುವಾಗುವುದರಿಂದ ಬೆಳಕು ಅದರೊಳಗಿಂದ ತೂರಿ ಹಸುರಾಗಿ ಹೊಳೆಯುತ್ತದೆ. ಗಾಳಿಯ ಗುಳ್ಳೆಗಳು ಬೆಳಕನ್ನು ಚೆದರಿಸುವುದರಿಂದ ನೊರೆ ಬೆಳ್ಳಗೆ ಕಾಣುತ್ತದೆ.

ಈ ಗುಣಗಳಿಗೆ ತೈಲವರ್ಣವು ಚೆನ್ನಾಗಿ ಒದಗುತ್ತದೆ. ಅಗಸೆ ಎಣ್ಣೆಯಲ್ಲಿ ಅರೆದ ಈ ಬಣ್ಣವು ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಮೆಲ್ಲನೆ ಗಟ್ಟಿಯಾಗುತ್ತದೆ. ಹಸಿಯಿರುವಾಗ ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸಬಹುದು. ಐವಜೋವ್ಸ್ಕಿಯು ಆಕಾಶ ಎಷ್ಟೇ ವಿಶಾಲವಾಗಿರಲಿ, ಅದನ್ನು ಒಂದೇ ಪಟ್ಟಿಗೆ ಬರೆದು ಮುಗಿಸಲು ಯತ್ನಿಸುತ್ತಿದ್ದುದು ಇದಕ್ಕಾಗಿಯೇ. ನೀರಿನ ಮೇಲಾದರೋ ಗಾಜಿನಂತಹ ತೆಳು ಬಣ್ಣದ ಲೇಪಗಳನ್ನು ಹಚ್ಚುತ್ತಿದ್ದನು. ಕೆಳಗಿನ ಬಣ್ಣ ಮೇಲಿನದರೊಳಗಿಂದ ಇಣುಕುವುದರಿಂದಲೇ ಆತನ ತೆರೆಗಳಲ್ಲಿ ಒಳಬೆಳಕು ಕಾಣುತ್ತದೆ.

ಆದರೆ ಆತನ ನಿಜವಾದ ಸಾಧನ ಕುಂಚವಲ್ಲ, ಸ್ಮೃತಿ. ಮಿಂಚನ್ನಾಗಲಿ ಅಲೆಯ ಸಿಡಿತವನ್ನಾಗಲಿ ಎದುರಿಗಿಟ್ಟುಕೊಂಡು ಬರೆಯುವುದು ಅಸಾಧ್ಯವೆಂಬುದು ಆತನ ದೃಢವಾದ ಅಭಿಪ್ರಾಯವಾಗಿತ್ತು. ಕಡಲ ತಡಿಯಲ್ಲಿ ನಿಂತು ಕಣ್ತುಂಬ ನೋಡುವನು, ಸೀಸದಕಡ್ಡಿಯಿಂದ ನಾಲ್ಕು ಗೆರೆ ಗುರುತಿಸಿಕೊಳ್ಳುವನು. ಬಣ್ಣದ ಕೆಲಸವೆಲ್ಲ ಚಿತ್ರಶಾಲೆಯೊಳಗೆ. ನೋಡುವ ಗಳಿಗೆಯಲ್ಲಿ ಮನಸ್ಸು ಅತ್ತಿತ್ತ ಹರಿದಿದ್ದರೆ ಅಲ್ಲಿ ನೆನೆಯಲು ಏನು ಉಳಿದೀತು?

1850ರ ‘ಒಂಬತ್ತನೆಯ ಅಲೆ’ ಆತನ ಪ್ರಸಿದ್ಧ ಕೃತಿ. ಬಿರುಗಾಳಿಯಲ್ಲಿ ಒಂಬತ್ತನೆಯ ಅಲೆಯೇ ಅತಿ ಭಯಂಕರವೆಂದು ನಾವಿಕರ ನಂಬಿಕೆ. ಮುರಿದ ಕೂವೆಮರವನ್ನು ಅಪ್ಪಿಕೊಂಡ ಕೆಲವರು, ಅವರ ಮೇಲೆ ಎದ್ದ ತೆರೆ, ಆಚೆ ಹೊಂಬಣ್ಣದ ಸೂರ್ಯೋದಯ. ಅವರು ಬದುಕುವರೋ ಇಲ್ಲವೋ ಚಿತ್ರ ಹೇಳದು. ಆದರೆ ಬೆಳಕು ಅವರತ್ತಲೇ ಹರಿದುಬರುತ್ತಿದೆ. ಈ ಕೃತಿ ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಎಂಬತ್ತು ದಾಟಿದ ಮೇಲೆ, 1898ರಲ್ಲಿ, ನಾಲ್ಕು ಮೀಟರಿಗೂ ಹೆಚ್ಚು ಅಗಲದ ‘ಅಲೆಗಳ ನಡುವೆ’ ಎಂಬ ಚಿತ್ರ ಬರೆದನು. ಅದರಲ್ಲಿ ಹಡಗಿಲ್ಲ, ಮನುಷ್ಯನಿಲ್ಲ. ನೀರು ಮತ್ತು ಬೆಳಕು ಮಾತ್ರ.

ಇಷ್ಟು ನೀರನ್ನು ಬರೆದವನ ಊರಿನಲ್ಲಿ ಕುಡಿಯಲು ನೀರಿರಲಿಲ್ಲ! ಎದುರಿಗೆ ಅಪಾರ ಕಡಲು, ಮನೆಯಲ್ಲಿ ಬರಿದಾದ ಕೊಡ. ವರ್ಷ ವರ್ಷವೂ ಜನರ ಈ ಬವಣೆಯನ್ನು ನೋಡಲಾರದೆ ಆತನು ತನ್ನ ಜಮೀನಿನ ಸುಬಾಷ್ ಎಂಬ ಚಿಲುಮೆಯಿಂದ ದಿನಕ್ಕೆ 50,000 ಬಕೀಟು ಸಿಹಿನೀರನ್ನು ಊರಿಗೆ ದಾನವಾಗಿ ಕೊಟ್ಟನು. 1888ರಲ್ಲಿ ಕೊಳವೆಗಳ ಮೂಲಕ ಆ ನೀರು ಫಿಯೊಡೋಸಿಯಾಕ್ಕೆ ಹರಿದುಬಂದಿತು. 1880ರಲ್ಲಿ ತೆರೆದ ತನ್ನ ಚಿತ್ರಶಾಲೆಯನ್ನೂ ಊರಿಗೇ ಬರೆದಿಟ್ಟನು. 1900ರಲ್ಲಿ ಆತನು ತೀರಿಕೊಂಡಾಗ ಕ್ಯಾನ್ವಾಸಿನ ಮೇಲೆ ಹಡಗಿನ ಚಿತ್ರವೊಂದು ಅಪೂರ್ಣವಾಗಿತ್ತು.

ತೆರೆಯನ್ನು ಏಕಾಗ್ರತೆಯಿಂದ ನೋಡಿದ ಕಣ್ಣೇ ನೆರೆಮನೆಯ ಬರಿಗೊಡವನ್ನೂ ನೋಡಿತೆಂಬುದನ್ನು ನಾವು ಮರೆಯಲಾಗದು. ಮಕ್ಕಳ ಕೈಗೆ ಬಣ್ಣದ ಪೆಟ್ಟಿಗೆ ಕೊಡುವ ತಾಯಿತಂದೆಗಳು, ಬರೆಯುವ ಮೊದಲು ನಿಂತು ನೋಡುವುದನ್ನು ಅವರಿಗೆ ಕಲಿಸಲಿ. ಚೆನ್ನಾಗಿ ನೋಡಬಲ್ಲವನಿಗೆ ಚಿತ್ರವೂ ಸಿದ್ಧಿಸೀತು, ಕರುಣೆಯೂ ಒದಗೀತು.