ಹುಟ್ಟು ಹಾಕುವ ವಿದ್ಯೆ: ಕೆನೂ, ಕಯಾಕ್ ಮತ್ತು ಪ್ಯಾಡಲ್‌ಬೋರ್ಡ್

ಬೇಸಿಗೆ ಬಂತೆಂದರೆ ಕೆನಡಾದ ಸರೋವರಗಳಲ್ಲಿ ಮೂರು ಬಗೆಯ ಕಿರುನೌಕೆಗಳು ಕಾಣಸಿಗುತ್ತವೆ. ಮೊದಲನೆಯದು ಕೆನೂ. ಅನಿಶಿನಾಬೆ ಮೊದಲಾದ ಮೂಲನಿವಾಸಿ ಜನಾಂಗಗಳು ಭೂರ್ಜದ ತೊಗಟೆಯಿಂದ ಕಟ್ಟುತ್ತಿದ್ದ ಈ ದೋಣಿ, ಒಂದು ಕೆರೆಯಿಂದ ಇನ್ನೊಂದಕ್ಕೆ ಹೆಗಲ ಮೇಲೆ ಹೊತ್ತು ಸಾಗಿಸುವಷ್ಟು ಹಗುರ. ಎರಡನೆಯದು ಕಯಾಕ್. ಆರ್ಕ್ಟಿಕ್ ತೀರದ ಇನುಯಿಟ್ ಜನರು ಬೇಟೆಗಾಗಿ, ಹಂದರದ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ರೂಪಿಸಿದ ನೌಕೆ ಇದು. ಮೂರನೆಯದು ನಿಂತು ನಡೆಸುವ ಪ್ಯಾಡಲ್‌ಬೋರ್ಡ್. ಹವಾಯಿಯಿಂದ ಹೊರಟು ಈ ಶತಮಾನದಲ್ಲಿ ಎಲ್ಲೆಡೆ ಹರಡಿತು.

ರೂಪದಲ್ಲಿ ಬೇರೆಯಾದರೂ ಈ ಮೂರಕ್ಕೂ ಸಾಮಾನ್ಯವಾದ ಒಂದು ಲಕ್ಷಣವಿದೆ. ಇವುಗಳ ಹುಟ್ಟನ್ನು ದೋಣಿಗೆ ಬಂಧಿಸಿರುವುದಿಲ್ಲ. ಅದಕ್ಕೆ ಆಸರೆ ನಡೆಸುವವರ ದೇಹವೇ. ಆದ್ದರಿಂದ ಕೌಶಲವನ್ನು ಬೆಳೆಸಿಕೊಳ್ಳುವುದೆಂದರೆ ದೇಹವನ್ನು ಸರಿಯಾಗಿ ಬಳಸಲು ಕಲಿಯುವುದು. ನೀರಿಗೆ ಬಿದ್ದರೆ ದಡಕ್ಕೆ ಮರಳಿ ಬರುವುದೂ ಈ ಕಲಿಕೆಯ ಭಾಗವೇ. ಹೊಸಬರು ಸಾಮಾನ್ಯವಾಗಿ ಮೊದಲನೆಯದಕ್ಕೆ ಗಮನ ಕೊಟ್ಟು ಎರಡನೆಯದನ್ನು ಮರೆಯುತ್ತಾರೆ.

ಮುಂಡದ ತಿರುವು

ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತೇವೆ ಎಂದೇ ನಮಗೆ ತೋರುತ್ತದೆ. ಬದಲಿಗೆ, ಅಲಗನ್ನು ನೀರಿನಲ್ಲಿ ಊರಿ, ದೋಣಿಯನ್ನು ಅದರ ಬಳಿಗೆ ಸೆಳೆದುಕೊಳ್ಳುತ್ತಿದ್ದೇವೆ ಎಂದು ಭಾವಿಸಿದರೆ ಎಳೆತ ತಾನಾಗಿ ತಿದ್ದಿಕೊಳ್ಳುತ್ತದೆ. ಒಂದು ಎಳೆತಕ್ಕೆ ಮೂರು ಘಟ್ಟಗಳಿವೆ. ಪಾದದ ನೇರಕ್ಕೆ ಕೈಚಾಚಿ ಅಲಗನ್ನು ಪೂರ್ತಿ ಮುಳುಗಿಸುವುದು ಮೊದಲನೆಯದು. ಸೊಂಟದಿಂದ ಮೇಲಿನ ಮುಂಡವನ್ನು ತಿರುಗಿಸುತ್ತ ಎಳೆಯುವುದು ಎರಡನೆಯದು. ಅಲಗು ಸೊಂಟದ ಬಳಿಗೆ ಬಂದೊಡನೆ ಅದನ್ನು ಹೊರತೆಗೆಯುವುದು ಮೂರನೆಯದು. ಸೊಂಟವನ್ನು ದಾಟಿ ಎಳೆದರೆ ಅಲಗು ನೀರನ್ನು ಮೇಲಕ್ಕೆತ್ತುತ್ತದೆ; ಶ್ರಮ ಹೆಚ್ಚುತ್ತದೆ, ವೇಗ ಕುಗ್ಗುತ್ತದೆ.

ತೋಳಿನ ಸ್ನಾಯುಗಳು ಬೇಗ ದಣಿಯುತ್ತವೆ, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ದೀರ್ಘಕಾಲ ದುಡಿಯುತ್ತವೆ. ತೋಳುಗಳನ್ನು ತುಸುವೇ ಬಾಗಿಸಿ ಹೆಚ್ಚುಕಡಿಮೆ ನೀಳವಾಗಿಟ್ಟುಕೊಂಡರೆ ಮುಂಡ ತಿರುಗಲೇಬೇಕಾಗುತ್ತದೆ. ಕಯಾಕಿನಲ್ಲಿ ಎಳೆಯುವ ಬದಿಯ ಪಾದವನ್ನು ಮುಂದಿನ ಆನಿಕೆಯ ಮೇಲೆ ಒತ್ತಿದರೆ ಆ ಬಲ ದೋಣಿಗೆ ನೇರವಾಗಿ ಮುಟ್ಟುತ್ತದೆ. ಪ್ಯಾಡಲ್‌ಬೋರ್ಡಿನ ಹುಟ್ಟಿನಲ್ಲಿ ಅಲಗು ಕೋಲಿಗೆ ತುಸು ಓರೆಯಾಗಿರುತ್ತದೆ. ಆ ಓರೆ ಮುಂದಕ್ಕೆ, ಹಲಗೆಯ ಮೂತಿಯ ಕಡೆಗೆ ಇರಬೇಕು; ಹೊಸಬರು ಅನೇಕರು ತಿರುಗುಮುರುಗಾಗಿ ಹಿಡಿಯುತ್ತಾರೆ.

ಪ್ರಗತಿಯನ್ನು ಅಳೆಯಲು ಸುಲಭವಾದ ಉಪಾಯವೊಂದಿದೆ. ದಡದಲ್ಲಿ ಎರಡು ಗುರುತುಗಳನ್ನು ಆರಿಸಿಕೊಂಡು, ಗಾಳಿಯಿಲ್ಲದ ದಿನ ಅವುಗಳ ನಡುವಣ ದೂರಕ್ಕೆ ಎಷ್ಟು ಎಳೆತಗಳು ಬೇಕಾದುವೆಂದು ಎಣಿಸುವುದು. ವಾರಗಳು ಕಳೆದಂತೆ ಎಣಿಕೆ ಇಳಿಯುತ್ತಿದ್ದರೆ ಅಭ್ಯಾಸ ಸರಿದಾರಿಯಲ್ಲಿದೆ.

ನೇರವಾಗಿ ಸಾಗುವುದು

ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ದೋಣಿ ಎದುರು ಬದಿಗೆ ತಿರುಗುತ್ತದೆ. ತುಂಗಭದ್ರೆಯಲ್ಲಿ ಹರಿಗೋಲನ್ನು ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ದುಂಡಗಿನ ಹರಿಗೋಲಿಗೆ ಮೂತಿಯೂ ಇಲ್ಲ, ಹಿಂಬದಿಯೂ ಇಲ್ಲ. ಬದಿಯಲ್ಲಿ ಎಳೆದರೆ ಅದು ಇದ್ದಲ್ಲಿಯೇ ಸುತ್ತುತ್ತದೆ. ಕೆನೂವಿನ ನೀಳವಾದ ಒಡಲು ಈ ಸುತ್ತುವಿಕೆಯನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಕೆನೂ ನಡೆಸುವವರು ಇದಕ್ಕೆ ಕಂಡುಕೊಂಡ ಪರಿಹಾರ ‘ಜೆ’ ಎಳೆತ. ಎಳೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವಂತೆ ಹಿಡಿಯನ್ನು ತಿರುಗಿಸಿ, ಅಲಗನ್ನು ದೋಣಿಯಿಂದ ಹೊರಗೆ ತುಸು ನೂಕಬೇಕು. ಎಡಬದಿಯಲ್ಲಿ ಅಲಗು ನೀರಿನಲ್ಲಿ ಬರೆಯುವ ರೇಖೆ ಇಂಗ್ಲಿಷಿನ ‘ಜೆ’ ಅಕ್ಷರವನ್ನು ಹೋಲುವುದರಿಂದ ಈ ಹೆಸರು. ಹೆಬ್ಬೆರಳು ಮೇಲ್ಮುಖವಾದರೆ ಅಲಗಿನ ಬೆನ್ನು ನೀರನ್ನು ತಡೆಯುತ್ತದೆ. ದೋಣಿ ನೇರವಾಗುತ್ತದೆಯಾದರೂ ವೇಗ ಮುರಿಯುತ್ತದೆ. ಇದನ್ನು ಕಣ್ಣಾರೆ ಕಂಡು ಕಲಿಯಬಯಸುವವರು ಬಿಲ್ ಮೇಸನ್ 1977ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ನಿರ್ದೇಶಿಸಿದ ‘ಪಾತ್ ಆಫ್ ದ ಪ್ಯಾಡಲ್’ ಚಿತ್ರಮಾಲಿಕೆಯನ್ನು ನೋಡಬಹುದು.

ಕಯಾಕಿನಲ್ಲಿ ಎರಡೂ ಬದಿಗೆ ಪರ್ಯಾಯವಾಗಿ ಎಳೆಯುವುದರಿಂದ ಈ ತೊಡಕು ಕಡಿಮೆ. ದಿಕ್ಕು ತಪ್ಪಿದಾಗ ಅಲಗನ್ನು ಮೂತಿಯಿಂದ ಹಿಂಬದಿಯವರೆಗೆ ಅಗಲವಾದ ಕಮಾನಿನಂತೆ ಬೀಸಿದರೆ ಸಾಕು. ಪ್ಯಾಡಲ್‌ಬೋರ್ಡಿನಲ್ಲಿ ಹುಟ್ಟಿನ ಕೋಲನ್ನು ಆದಷ್ಟು ಲಂಬವಾಗಿಟ್ಟು, ಹಲಗೆಯ ಅಂಚಿಗೆ ಹತ್ತಿರದಲ್ಲಿ ಎಳೆಯಬೇಕು.

ಸಮತೋಲ

ಅಲುಗಾಡುವ ದೋಣಿಯಲ್ಲಿ ದೇಹವನ್ನು ಬಿಗಿಹಿಡಿಯುವುದು ಸಹಜ, ಆದರೆ ಅದೇ ಅಪಾಯಕ್ಕೆ ದಾರಿ. ಸೊಂಟ ಸಡಿಲವಾಗಿದ್ದರೆ ದೋಣಿ ಅಲೆಯೊಡನೆ ಹೊರಳುತ್ತದೆ, ಮೇಲಿನ ದೇಹ ನೆಟ್ಟಗೆ ಉಳಿಯುತ್ತದೆ. ಕೆನೂವಿನಲ್ಲಿ ಮಂಡಿಯೂರಿ ಕುಳಿತರೆ ಭಾರ ಕೆಳಗಿಳಿದು ಸ್ಥಿರತೆ ಹೆಚ್ಚುತ್ತದೆ. ಪ್ಯಾಡಲ್‌ಬೋರ್ಡಿನಲ್ಲಿ ಮೊದಲು ಮಂಡಿಯ ಮೇಲೆ ನಡೆಸಿ, ಅನಂತರ ನಿಲ್ಲಬೇಕು. ಮಂಡಿ ತುಸು ಬಾಗಿರಲಿ, ದೃಷ್ಟಿ ಪಾದದ ಬದಲು ಬಾನಂಚಿನ ಮೇಲಿರಲಿ. ದೋಣಿ ಒಂದು ಬದಿಗೆ ವಾಲಿದಾಗ ಅಲಗನ್ನು ಆ ಬದಿಯ ನೀರಿನ ಮೇಲೆ ಚಪ್ಪಟೆಯಾಗಿ ಒತ್ತಿ, ಸೊಂಟದಿಂದ ದೋಣಿಯನ್ನು ಎತ್ತಿಕೊಳ್ಳುವುದನ್ನು ಆಳವಿಲ್ಲದ ನೀರಿನಲ್ಲಿ ನೂರಾರು ಸಲ ಅಭ್ಯಾಸ ಮಾಡಬೇಕು. ಆಗ ತಲೆಯನ್ನು ಕೊನೆಯಲ್ಲಿ ಎತ್ತಬೇಕೆಂಬುದು ಮುಖ್ಯ. ಮೊದಲೇ ಎತ್ತಿದರೆ ದೋಣಿ ಮಗುಚುತ್ತದೆ.

ಗಾಳಿ ಮತ್ತು ತಣ್ಣೀರು

ದಡದಿಂದ ನೀರಿನ ಕಡೆಗೆ ಬೀಸುವ ಗಾಳಿ ಮೋಸಗಾರ. ದಡದ ಬಳಿ ನೀರು ಕನ್ನಡಿಯಂತೆ ತೋರುತ್ತದೆ, ದೂರ ಹೋದಂತೆ ಅಲೆ ಏಳುತ್ತದೆ. ಹೋಗುವುದು ಸುಲಭ, ಹಿಂತಿರುಗುವುದು ಕಷ್ಟ. ಆದ್ದರಿಂದ ಮೈಯಲ್ಲಿ ಕಸುವಿರುವಾಗಲೇ ಮೊದಲು ಗಾಳಿಗೆ ಎದುರಾಗಿ ಸಾಗಿ, ಮರಳುವಾಗ ಅದರ ನೆರವು ಪಡೆಯಬೇಕು. ಪ್ಯಾಡಲ್‌ಬೋರ್ಡಿನ ಹಗ್ಗವನ್ನು ಸರೋವರದಲ್ಲಿ ಕಾಲಿಗೆ ಕಟ್ಟಿಕೊಳ್ಳುವುದು ಒಳ್ಳೆಯದು. ಹರಿಯುವ ನದಿಯಲ್ಲಾದರೋ ಅದು ಕೊಂಬೆಗೋ ಬಂಡೆಗೋ ಸಿಕ್ಕಿಕೊಂಡು ಪ್ರಾಣಾಪಾಯ ತರಬಲ್ಲದು. ಅಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಗ್ಗ ಬೇಕು.

ಇನ್ನೂ ದೊಡ್ಡ ಅಪಾಯ ನೀರಿನ ತಂಪು. ಆಂಟೇರಿಯೊದ ಉತ್ತರದ ಕೆರೆಗಳಲ್ಲಿ ಹಿಮಗಡ್ಡೆ ಕರಗುವುದೇ ಏಪ್ರಿಲ್ ಕೊನೆಯ ಹೊತ್ತಿಗೆ. ಮೇ ತಿಂಗಳ ದೀರ್ಘ ವಾರಾಂತ್ಯದಲ್ಲಿ ಬಿಸಿಲು ಹಿತವಾಗಿರಬಹುದು, ನೀರು ಮಾತ್ರ ಕೊರೆಯುತ್ತಿರುತ್ತದೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಸೂತ್ರದಲ್ಲಿ ವಿವರಿಸಿದ್ದಾರೆ. ತಣ್ಣೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲುಗಳು ಮಾತು ಕೇಳುವುದು ಸುಮಾರು 10 ನಿಮಿಷ, ದೇಹದ ಶಾಖ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಆ ಗಂಟೆಯುದ್ದಕ್ಕೂ ತೇಲಿಸುವುದು ಲೈಫ್ ಜಾಕೆಟ್ ಮಾತ್ರ. ಒಬ್ಬೊಬ್ಬರಿಗೂ ತಕ್ಕ ಅಳತೆಯ ಒಂದು ಜಾಕೆಟ್ ದೋಣಿಯಲ್ಲಿರಬೇಕೆಂಬುದು ಕೆನಡಾದ ನಿಯಮ. ಆದರೆ ದೋಣಿಯಲ್ಲಿಟ್ಟ ಜಾಕೆಟನ್ನು ತಣ್ಣೀರಿಗೆ ಬಿದ್ದ ಮೇಲೆ ತೊಡುವುದು ಬಹಳ ಕಷ್ಟ. ದಡ ಬಿಡುವ ಮುನ್ನವೇ ತೊಟ್ಟು, ಪಟ್ಟಿ ಬಿಗಿದಿರಬೇಕು.

ಮಗುಚಿಕೊಂಡು ಕಲಿಯುವುದು

ನೀರಿಗೆ ಬೀಳುವುದನ್ನು ಬೇಕೆಂದೇ ಅಭ್ಯಾಸ ಮಾಡಬೇಕು. ಜುಲೈ ತಿಂಗಳ ಬೆಚ್ಚನೆಯ ನೀರು, ಎದೆಮಟ್ಟದ ಆಳ, ಪಕ್ಕದಲ್ಲೊಬ್ಬ ಬಲ್ಲವರು: ಇಷ್ಟಿದ್ದರೆ ಸಾಕು. ಕಯಾಕ್ ಮಗುಚಿದಾಗ ಮುಂದಕ್ಕೆ ಬಾಗಿ, ಸೊಂಟದ ಹೊದಿಕೆಯ ಕುಣಿಕೆಯನ್ನು ಎಳೆದು, ಅಂಚನ್ನು ಒತ್ತಿ ಹೊರಬರಬೇಕು. ಕೆನೂಗಳು ಎರಡಿದ್ದರೆ, ಮಗುಚಿದ್ದನ್ನು ಇನ್ನೊಂದರ ಮೇಲೆ ಅಡ್ಡವಾಗಿ ಎಳೆದು ನೀರು ಸುರಿದು, ಮತ್ತೆ ತಿರುಗಿಸಿ ನೀರಿಗಿಳಿಸಬಹುದು. ಹಲಗೆಯಿಂದ ಬಿದ್ದವರು ಅದರ ನಡುವಿನ ಹಿಡಿಯನ್ನು ಹಿಡಿದು, ಕಾಲುಗಳನ್ನು ನೀರಿನ ಮೇಲ್ಮೈಗೆ ಬಡಿದು, ಎದೆಯಿಂದ ಹತ್ತಬೇಕು.

ಈಜು ಬಾರದೆಯೇ ಬೆಳೆದು ಇಲ್ಲಿಗೆ ಬಂದ ನಮ್ಮವರು ಕಡಿಮೆಯಿಲ್ಲ. ಅಂಥವರಿಗೆ ಕೆನಡಾದ ಲೈಫ್‌ಸೇವಿಂಗ್ ಸೊಸೈಟಿಯ ‘ಸ್ವಿಮ್ ಟು ಸರ್ವೈವ್’ ಮಾನದಂಡ ಒಳ್ಳೆಯ ಗುರಿ. ಆಳದ ನೀರಿಗೆ ಉರುಳಿ ಬೀಳುವುದು, 1 ನಿಮಿಷ ನಿಂತಲ್ಲೇ ತೇಲುವುದು, 50 ಮೀಟರ್ ಈಜುವುದು: ಇಷ್ಟನ್ನು ವಯಸ್ಕರೂ ಊರಿನ ಈಜುಕೊಳದಲ್ಲಿ ಕಲಿಯಬಹುದು. ಚಳಿಗಾಲದಲ್ಲಿ ಇದನ್ನು ಮುಗಿಸಿ, ಬೇಸಿಗೆಯ ಮೊದಲ ದಿನಗಳನ್ನು ದಡಕ್ಕೆ ಹತ್ತಿರದಲ್ಲಿ ಎಳೆತ ಮತ್ತು ಸಮತೋಲಕ್ಕೆ ಮೀಸಲಿಟ್ಟು, ನೀರು ಬೆಚ್ಚಗಾದ ಮೇಲೆ ಮಗುಚುವುದನ್ನು ಕಲಿತವರು ಆಗಸ್ಟಿನ ಹೊತ್ತಿಗೆ ಚಿಕ್ಕ ಯಾನಕ್ಕೆ ಸಿದ್ಧರಾಗುತ್ತಾರೆ. 2,000 ಕಿಲೋಮೀಟರಿಗೂ ಮಿಕ್ಕ ಕೆನೂ ಮಾರ್ಗಗಳಿರುವ ಅಲ್ಗಾಂಕ್ವಿನ್ ಉದ್ಯಾನದಲ್ಲಿ ಅಂಥವರ ಮೊದಲ ಯಾನಕ್ಕೆ ತಕ್ಕ ಕೆರೆಗಳಿಗೆ ಕೊರತೆಯಿಲ್ಲ. ಜೊತೆಗಾರರೊಡನೆ ಹೊರಡಲಿ, ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ದಡದಲ್ಲಿ ಉಳಿದವರಿಗೆ ತಿಳಿಸಿ ಹೊರಡಲಿ.